ಗೋಡೆಯ ಬಣ್ಣ

ಬೆಂಚು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು.

"ಸ್ವಲ್ಪ ಎಡಕ್ಕೆ," ಎಂದರು ಕೆಳಗೆ ನಿಂತಿದ್ದ ಟೈಪಿಸ್ಟ್. "ಅಲ್ಲ, ಅಷ್ಟು ಬೇಡ. ಚೆನ್ನಾಗೇ ಹಿಡಿದಿದ್ದೀರಿ, ಆದರೆ ಒಂದು ಚೂರು ಬಲಕ್ಕೆ ತಂದ್ರೆ ಇನ್ನೂ ಚೆನ್ನ."

ಬೆಂಚಿನ ಮೇಲ್ತುದಿಯನ್ನು ಹೊಟ್ಟೆಗೆ ಒತ್ತಿಕೊಂಡು ಹಿಂದುಹಿಂದಕ್ಕೆ ಹತ್ತುತ್ತಿದ್ದ ಬೇಕರಿಯವನು ಉಸಿರು ಬಿಟ್ಟ. "ನೀವು ಕತೆಗೂ ಹೀಗೇ ಹೇಳೋದು ಸಾರ್. ಎಡಕ್ಕೆ ತಗೊಳ್ಳಿ, ಬಲಕ್ಕೆ ತಗೊಳ್ಳಿ. ಕೊನೆಗೆ ಕತೆ ಇದ್ದಲ್ಲೇ ಇರುತ್ತೆ."

ಕೆಳತುದಿ ಟೈಲರಕ್ಕನ ಕೈಯಲ್ಲಿತ್ತು. "ನಿಲ್ಲಿಸಿ ಎತ್ತಿ," ಎಂದಳು ಅವಳು. "ಮಲಗಿಸ್ಕೊಂಡು ಹೋದ್ರೆ ಇವತ್ತೆಲ್ಲ ಇಲ್ಲೇ."

ನಿಲ್ಲಿಸಿ ಎತ್ತಿದ ಮೇಲೆ ಬೆಂಚು ತಿರುವು ದಾಟಿತು. ಅದು ಗ್ರಂಥಾಲಯದ ಮಹಡಿಯ ಬೆಂಚು. ಮೀಟರಣ್ಣನ ಮನೆಯಲ್ಲಿ ಇರುವುದು ನಾಲ್ಕೇ ಕುರ್ಚಿ, ಬಂದವರು ಎಲ್ಲಿ ಕೂರುತ್ತಾರೆ ಎಂದು ಬೆಳಿಗ್ಗೆ ಹೊಳೆದದ್ದು ಬೇಕರಿಯವನಿಗೆ. ಬ್ರೆಡ್ಡು ಸಾಗಿಸುವ ವ್ಯಾನಿನಲ್ಲಿ ಬೆಂಚನ್ನು ತಂದದ್ದೂ ಅವನೇ. ಹನ್ನೆರಡು ವರ್ಷ, ಭಾನುವಾರ ಭಾನುವಾರ, ಅದರ ಕಿಟಕಿ ಕಡೆಯ ತುದಿಯಲ್ಲಿ ಕೂತು ತಮ್ಮ ಕತೆ ಓದಿ ಉಳಿದವರ ಕತೆ ಕೇಳಿದ ಮನುಷ್ಯ ಈಗ ನಡುಮನೆಯಲ್ಲಿ ಎದೆಯವರೆಗೆ ಬಿಳಿ ಹೊದಿಕೆ ಹೊದ್ದು ಮಲಗಿದ್ದರು. ಮೂವತ್ತನಾಲ್ಕು ವರ್ಷ ಮನೆಮನೆಯ ನೀರಿನ ಮೀಟರು ಓದಿ, ನಿವೃತ್ತರಾಗಿ ಮೂರು ವರ್ಷವಾಗಿತ್ತು. ಗುರುವಾರ ಮಧ್ಯಾಹ್ನ ಪೇಪರು ಓದುತ್ತಾ ಕೂತವರ ಕೈಯಿಂದ ಪೇಪರು ಜಾರಿತ್ತು. ಹೆಂಡತಿ ಬಂದು ಎತ್ತಿಕೊಡುವ ಹೊತ್ತಿಗೆ ತೆಗೆದುಕೊಳ್ಳುವವರು ಇರಲಿಲ್ಲ.

"ಆ ಗೋಡೆ ಪಕ್ಕ ಹಾಕಿ," ಎಂದಳು ಹೆಂಡತಿ. ಶಿಶುವಿಹಾರದಲ್ಲಿ ಆಯಾ ಆಗಿದ್ದವಳು; ದುಃಖದ ದಿನವೂ ಬಂದವರನ್ನು ಮಕ್ಕಳಂತೆ ಸಾಲಾಗಿ ಕೂರಿಸುತ್ತಿದ್ದಳು. "ನೀವು ಮೂವರೇ ಅಲ್ವಾ ಸಂಘದೋರು? ಕೂತ್ಕೊಳ್ಳಿ. ನೀರು ಕುಡಿದ್ರಾ? ಗಾಡಿ ಹನ್ನೊಂದೂವರೆಗೆ ಬರುತ್ತೆ."

ಟೈಲರಕ್ಕ ಕೂತು ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಅದರಲ್ಲಿ ಒಂಬತ್ತು ಹಾಳೆಗಳಿದ್ದವು. ಮೀಟರಣ್ಣನ ಹೊಸ ಕತೆ. ಮೂರು ವಾರದ ಹಿಂದೆ ಅವಳ ಅಂಗಡಿಗೆ ಬಂದು, ಓದಿ ಗುರುತು ಹಾಕಿ ಕೊಡಿ ಎಂದು ಕೊಟ್ಟುಹೋಗಿದ್ದರು. ಓದಿ ಆಗಿತ್ತು, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೂ ಆಗಿತ್ತು. ವಾಪಸ್ಸು ಕೊಡುವುದೊಂದೇ ಆಗಿರಲಿಲ್ಲ. ಈಗ ಯಾರ ಕೈಗೆ ಕೊಡುವುದೆಂದು ತಿಳಿಯದೆ, ಮನೆಯಲ್ಲಿ ಬಿಟ್ಟುಬರಲೂ ಮನಸ್ಸಾಗದೆ, ತಂದಿದ್ದಳು.

*

ಗ್ರಂಥಾಲಯದ ಮಹಡಿಯಲ್ಲಿ ಸೇರುತ್ತಿದ್ದ ಆ ಗುಂಪಿಗೆ ಹೆಸರೇನೂ ಇರಲಿಲ್ಲ. ಎಷ್ಟೋ ಜನ ಬಂದರು, ಎಷ್ಟೋ ಜನ ಹೋದರು. ಬಿಡದೆ ಬಂದವರು ಈ ನಾಲ್ವರು. ಯಾರದೂ ಒಂದು ಪುಸ್ತಕವಾಗಿರಲಿಲ್ಲ, ಆಗುವ ಸೂಚನೆಯೂ ಇರಲಿಲ್ಲ.

ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು ಹಿರಿಯರು. ನಿಯಮ ಮಾಡಿದವರು ಅವರೇ. ಮೊದಲು ಒಳ್ಳೆಯದನ್ನು ಹೇಳಬೇಕು, ಉಳಿದದ್ದು ಆಮೇಲೆ. ಅವರದು ಬೆಣ್ಣೆಯಿಂದ ಕೂದಲು ತೆಗೆದಂಥ ಮಾತು. ಕೂದಲು ಬಂತೋ ಇಲ್ಲವೋ ಬೆಣ್ಣೆಯವನಿಗೇ ತಿಳಿಯುತ್ತಿರಲಿಲ್ಲ. ಬೇಕರಿಯವನು ಪತ್ತೇದಾರಿ ಕತೆ ಬರೆಯುತ್ತಿದ್ದ. ಮೂರನೇ ಪುಟ ಮುಗಿಯುವುದರೊಳಗೆ ಯಾರಾದರೊಬ್ಬರು ವಿಷ ಕುಡಿಯಲೇಬೇಕು. ಟೈಲರಕ್ಕನದು ಕಡ್ಡಿ ಮುರಿದಂಥ ಮಾತು. ತೋಳು ಉದ್ದವಾಯಿತು ಎಂದು ಗಿರಾಕಿಗೆ ಹೇಳುವ ದನಿಯಲ್ಲೇ ಕತೆಗೂ ಹೇಳುವವಳು.

ಬೇರೆಯವರ ಕತೆಯನ್ನು ಮೀಟರಣ್ಣನಷ್ಟು ಮನಸ್ಸಿಟ್ಟು ಕೇಳಿದವರಿಲ್ಲ. ಟೈಲರಕ್ಕ ಮೊದಲ ಸಲ ಓದಿದ್ದು ಅತ್ತೆ ಸೊಸೆಯರ ಒಂದು ಕತೆ. ಟೈಪಿಸ್ಟ್ ಭಾಷೆ ಚೆನ್ನಾಗಿದೆ ಎಂದರು. ಮೀಟರಣ್ಣ ಮಾತ್ರ ಆ ಭಾನುವಾರ ಏನೂ ಹೇಳಲಿಲ್ಲ. ಕತೆಯ ಹಾಳೆಗಳನ್ನು ಕೇಳಿ ತೆಗೆದುಕೊಂಡು ಹೋದರು, ಮುಂದಿನ ವಾರ ತಂದುಕೊಟ್ಟರು.

"ಎರಡು ಸಲ ಓದಿದೆ," ಎಂದರು. "ನೀವು ಆ ಮನೆಗೆ ಮುಂದಿನ ಬಾಗಿಲಿಂದ ಹೋಗಿದ್ದೀರಿ. ನನ್ನ ಕೆಲಸ ಯಾವಾಗ್ಲೂ ಹಿತ್ತಿಲಲ್ಲಿ, ಮೀಟರು ಇರೋದು ಅಲ್ಲೇ. ಮುಂದಿನ ಬಾಗಿಲಲ್ಲಿ ಜನ ತಲೆ ಬಾಚ್ಕೊಂಡು ನಿಂತಿರ್ತಾರೆ. ಹಿತ್ತಿಲಲ್ಲಿ ನಿಜವಾಗಿ ಇರ್ತಾರೆ. ಒಂದ್ಸಲ ಆ ಕಡೆಯಿಂದ ಹೋಗಿ ನೋಡಿ."

ಅವಳು ಹೋಗಿ ನೋಡಿದಳು. ಒಗೆಯುವ ಕಲ್ಲಿನ ಹತ್ತಿರ ಸೊಸೆ ಒಬ್ಬಳೇ ನಗುತ್ತಿದ್ದಳು. ಅಲ್ಲಿಂದ ಶುರು ಮಾಡಿ ಬರೆದದ್ದು ತನ್ನದು ಎಂದು ಅವಳಿಗೇ ಅನಿಸಿದ ಮೊದಲ ಕತೆ.

ವಿಚಿತ್ರವೆಂದರೆ ಮೀಟರಣ್ಣನ ಸ್ವಂತ ಕತೆಗಳಿಗೆ ಹಿತ್ತಿಲೇ ಇರಲಿಲ್ಲ. ಒಬ್ಬ ಧೀರ ಪ್ರವಾಹಕ್ಕೆ ಹಾರುತ್ತಿದ್ದ, ಇನ್ನೊಬ್ಬ ಉರಿಯುವ ಮನೆಗೆ ನುಗ್ಗುತ್ತಿದ್ದ. ಯಾರಿಗೂ ಕೆಮ್ಮು ಬರುತ್ತಿರಲಿಲ್ಲ, ಯಾರೂ ಚಪ್ಪಲಿ ಹುಡುಕುತ್ತಿರಲಿಲ್ಲ. ಉಳಿದವರು ಚೆನ್ನಾಗಿದೆ ಎನ್ನುತ್ತಿದ್ದರು. ಅಷ್ಟು ಒಳ್ಳೆಯ ಮನುಷ್ಯನಿಗೆ ಬೇರೆ ಏನು ಹೇಳುವುದು? ಟೈಲರಕ್ಕ ಕೂಡ ಆ ಒಬ್ಬರ ವಿಷಯದಲ್ಲಿ ವರ್ಷಗಟ್ಟಲೆ ನಾಲಿಗೆ ಬಿಗಿಹಿಡಿದಿದ್ದಳು.

*

ಹತ್ತೂವರೆಗೆ ಮೀಟರಣ್ಣನ ಅಣ್ಣ ಒಳಕೋಣೆಯಿಂದ ಬಂದರು. ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು, ನಿಂತರೆ ಎದುರಿಗೆ ತರಗತಿ ಇದೆ ಎನಿಸುವಂತೆ ನಿಲ್ಲುತ್ತಿದ್ದರು. ಕೈಯಲ್ಲಿ ನೀರಿನ ಕಚೇರಿಯ ಸ್ಮರಣ ಸಂಚಿಕೆಯಿತ್ತು.

"ತಮ್ಮನ ಮಗಳಿಗೆ ಪೆಟ್ಟಿಗೇಲಿ ಸಿಕ್ತಂತೆ," ಎಂದು ಬೆಂಚಿನ ಕಡೆ ಬಂದರು. "ಅವನ ಕತೆ ಅಚ್ಚಾಗಿರೋದು ಇದೊಂದೇ. 'ಕಾವಲು' ಅಂತ. ಗಾಡಿ ಬರೋಕೆ ಮುಂಚೆ ಎಲ್ಲರ ಮುಂದೆ ಓದೋಣ ಅಂತಿದ್ದೀನಿ. ನೀವು ಸಾಹಿತಿಗಳು, ಏನಂತೀರಿ?"

ಸಾಹಿತಿಗಳು ಎಂದದ್ದಕ್ಕೆ ಬೇಕರಿಯವನು ಹಿಂದೆ ಯಾರಿದ್ದಾರೆಂದು ನೋಡಿದ.

"ಒಳ್ಳೆಯ ಆಲೋಚನೆ," ಎಂದರು ಟೈಪಿಸ್ಟ್, ಟೈಲರಕ್ಕನ ಕಡೆ ನೋಡದೆ.

"ಇದು ಬರೀ ಕತೆ ಅಲ್ಲ, ನಡೆದದ್ದು. ಹೆಂಡತೀನ ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದ ಮೇಲೆ ಏಳು ಗಂಟೆ ಹೊರಗೆ ಕದಲದೆ ಕೂತ ನನ್ನ ತಮ್ಮ. ಹನಿ ನೀರು ಕುಡೀಲಿಲ್ಲ. ಇದರಲ್ಲಿ ಅವನು ಪೂರ್ತಿ ಇದ್ದಾನೆ."

ಎರಡು ಹೆಜ್ಜೆ ಆಚೆ ಹೆಂಡತಿ ಯಾರಿಗೋ ನೀರು ಕೊಡುತ್ತಿದ್ದಳು. ಮಾತು ಕೇಳಿಸಿರಬೇಕು. ತಿರುಗಲಿಲ್ಲ. ಖಾಲಿ ಲೋಟಗಳನ್ನು ತಟ್ಟೆಗೆ ಹಾಕಿಕೊಂಡು ಅಡುಗೆಮನೆಗೆ ಹೋದಳು.

*

ಹೋದ ವರ್ಷದ ಕೊನೆಯಲ್ಲಿ ಅದೇ ಸಂಚಿಕೆ ಹಿಡಿದು ಮೀಟರಣ್ಣ ಗ್ರಂಥಾಲಯಕ್ಕೆ ಬಂದಿದ್ದರು. ಅಚ್ಚಾದ ಕತೆಯನ್ನು ಅಭಿಪ್ರಾಯಕ್ಕೆ ತರುವವರು ಅಭಿಪ್ರಾಯ ಕೇಳಲು ತರುವುದಿಲ್ಲ. ಅದನ್ನು ಟೈಲರಕ್ಕ ತಿಳಿದುಕೊಳ್ಳಬೇಕಿತ್ತು. ಆದರೆ ಅವರು ಓದುತ್ತಾ ಹೋದಂತೆ ಅವಳಿಗೆ ತನ್ನ ಅಮ್ಮನ ನೆನಪಾಗಿತ್ತು.

"ಒಂದು ಕೇಳ್ಲಾ?" ಎಂದಿದ್ದಳು. "ಇವನು ಏಳು ಗಂಟೆ ಎದುರಿನ ಗೋಡೆ ನೋಡ್ತಾ ಕೂತ ಅಂತಿದೆ. ಗೋಡೆ ಯಾವ ಬಣ್ಣ?"

"ಬಣ್ಣ ಯಾಕೆ ಬೇಕು?"

"ಅಷ್ಟು ಹೊತ್ತು ಕೂತವನಿಗೆ ಎಲ್ಲಿ ಸುಣ್ಣ ಎದ್ದಿದೆ, ಎಲ್ಲಿ ಜನ ತಲೆ ಒರಗಿಸಿ ಜಿಡ್ಡಾಗಿದೆ, ಎಲ್ಲಾ ಗೊತ್ತಿರುತ್ತೆ. ನಮ್ಮಮ್ಮನಿಗೆ ಅಂತ ನಾನು ಕೂತಿದ್ದೆ. ಇವತ್ತಿಗೂ ಕಣ್ಣು ಮುಚ್ಚಿದ್ರೆ ಆ ಗೋಡೆ ಕಾಣುತ್ತೆ. ಇವನು ಅಲ್ಲಿ ಕೂತಿಲ್ಲ ಅನ್ಸುತ್ತೆ. ಬರೆದೋರು ತಂದು ಕೂರಿಸಿದ್ದಾರೆ."

ಅವಳು ಹೇಳಿದ್ದು ಕತೆಯ ಮಾತು. ಮೀಟರಣ್ಣನ ಮುಖದ ರಕ್ತವೆಲ್ಲ ಇಳಿದುಹೋದದ್ದನ್ನು ಕಂಡು ಅವಳಿಗೆ ಗಾಬರಿಯಾಯಿತು. ಅವರು ಸಂಚಿಕೆ ಮಡಿಸಿ, ಕನ್ನಡಕ ತೆಗೆದು, "ಬಟ್ಟೆಗೆ ಅಳತೆ ಹಿಡಿದ ಹಾಗಲ್ಲ ಇದು," ಎಂದು ಎದ್ದು ಹೋದರು.

"ಮೊದಲು ಒಳ್ಳೆಯದನ್ನ ಹೇಳಬೇಕಿತ್ತು," ಎಂದರು ಟೈಪಿಸ್ಟ್.

ಐದು ತಿಂಗಳು ಅವರು ಬರಲಿಲ್ಲ. ಟೈಲರಕ್ಕನ ಅಂಗಡಿಯ ಬೀದಿಯಲ್ಲಿ ನಡೆಯಬೇಕಾದರೂ ಎದುರು ಬದಿಯಲ್ಲಿ, ತಲೆ ತಗ್ಗಿಸಿಕೊಂಡು ನಡೆದರು. ಅವಳು ಹೊಲಿಗೆ ನಿಲ್ಲಿಸಿ ನೋಡುತ್ತಿದ್ದಳು. ಕರೆಯಲು ಬಾಯಿ ಬರುತ್ತಿರಲಿಲ್ಲ. ಹೇಳಿದ್ದು ತಪ್ಪು ಎನಿಸುತ್ತಿರಲಿಲ್ಲ, ಹೇಳಬಾರದಿತ್ತು ಎನಿಸುತ್ತಿತ್ತು.

ಆಮೇಲೊಂದು ಮಧ್ಯಾಹ್ನ ಕೈಯಲ್ಲೊಂದು ಪ್ಯಾಂಟು ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದರು.

"ಎಷ್ಟು ಕಡಿಮೆ ಮಾಡ್ಲಿ?" ಎಂದಳು ಅವಳು.

"ಏನೂ ಬೇಡ. ಸರಿಯಾಗೇ ಇದೆ." ಪ್ಯಾಂಟಿನ ಮಡಿಕೆಯೊಳಗಿನಿಂದ ಹಾಳೆಗಳನ್ನು ತೆಗೆದರು. "ಮತ್ತೆ ಬರೆದಿದ್ದೀನಿ. ಬಣ್ಣ ಹಾಕಿದ್ದೀನಿ. ಗೋಡೆಗಲ್ಲ. ಸಂಘದಲ್ಲಿ ಓದೋದು ಬೇಡ, ನೀವೊಬ್ಬರೇ ನೋಡಿ. ಅವಸರ ಇಲ್ಲ."

ಹೆಂಡತಿಯನ್ನು ಆಪರೇಷನ್ನಿಗೆ ಒಳಗೆ ಕಳಿಸಿ, ಟೀ ಕುಡಿದು ಬರುತ್ತೇನೆಂದು ಹೊರಬಿದ್ದವನೊಬ್ಬ ಎದುರಿಗೆ ನಿಂತ ಬಸ್ಸು ಹತ್ತುತ್ತಾನೆ. ಕೊನೆಯ ನಿಲ್ದಾಣಕ್ಕೆ ಹೋಗುತ್ತಾನೆ, ಅದೇ ಬಸ್ಸಿನಲ್ಲಿ ಬರುತ್ತಾನೆ, ಆಸ್ಪತ್ರೆ ಬಂದಾಗ ಇಳಿಯಲು ಕಾಲು ಏಳುವುದಿಲ್ಲ, ಮತ್ತೆ ಟಿಕೆಟು ತೆಗೆಯುತ್ತಾನೆ. ಮುಂದಿನ ಸೀಟಿನ ಹಸಿರು ರೆಕ್ಸಿನ್ನು ಹರಿದು ಹಳದಿ ಸ್ಪಂಜು ಕಾಣುತ್ತಿತ್ತು, ಅದರ ಪಕ್ಕ ಯಾರೋ ಬೀಗದ ಕೈಯಿಂದ ಕೆರೆದ ಎರಡು ಅಕ್ಷರ. ಕಂಡಕ್ಟರನ ಕೆಮ್ಮು ಯಾವ ತಿರುವಿನಲ್ಲಿ ಬರುತ್ತದೆ ಎಂಬುದೂ ಅವನಿಗೆ ತಿಳಿದುಹೋಗಿತ್ತು. ಸಂಜೆ ಇಳಿದು, ಮುಖ ತೊಳೆದು, ಬಾಗಿಲ ಹೊರಗೆ ಹೋಗಿ ಕೂರುತ್ತಾನೆ. ಅಷ್ಟೇ ಕತೆ. ಹೊಲಿಗೆ ಯಂತ್ರದ ಮುಂದೆ ಕೂತು ಓದಿ ಮುಗಿಸಿದ ಟೈಲರಕ್ಕ ಬಹಳ ಹೊತ್ತು ಪೆಡಲಿನ ಮೇಲೆ ಕಾಲಿಡಲಿಲ್ಲ.

*

ಅಡುಗೆಮನೆಯಲ್ಲಿ ಹೆಂಡತಿ ಲೋಟ ತೊಳೆಯುತ್ತಿದ್ದಳು. ನೆರೆಯವರು ಬಿಡಿ ಎಂದರೂ ಬಿಟ್ಟಿರಲಿಲ್ಲ. ಟೈಲರಕ್ಕ ಒಂದು ಬಟ್ಟೆ ತೆಗೆದುಕೊಂಡು ತೊಳೆದದ್ದನ್ನು ಒರೆಸತೊಡಗಿದಳು.

"ಟೈಲರ್ ನೀವೇ ಅಲ್ವಾ?"

"ಹೌದು."

"ನಿಮ್ಮನ್ನ ತುಂಬಾ ಬೈತಿದ್ರು. ಐದು ತಿಂಗಳು ಊಟಕ್ಕೆ ಕೂತ್ರೆ ನಿಮ್ಮದೇ ಪುರಾಣ. ಉಳಿದಿಬ್ಬರನ್ನ ಯಾವತ್ತೂ ಬೈದಿಲ್ಲ. ಅದಕ್ಕೇ ನಿಮ್ಮನ್ನ ಕೇಳ್ತೀನಿ." ಆಕೆ ಇನ್ನೊಂದು ಲೋಟ ಎತ್ತಿಕೊಂಡಳು. "ಚೆನ್ನಾಗಿ ಬರೀತಿದ್ರಾ?"

ಟೈಲರಕ್ಕ ಒರೆಸುತ್ತಿದ್ದ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು.

"ಬರೆದು ಬರೆದು ಬೆರಳಲ್ಲಿ ಗಂಟು ಬಂದಿತ್ತು. ನನಗೆ ಒಂದು ದಿನ ಓದಿ ಹೇಳಿಲ್ಲ. ನಿನಗೆ ಬೇಜಾರಾಗುತ್ತೆ ಅಂತಿದ್ರು. ಈಗ ಭಾವ ಓದ್ತಾರಂತಲ್ಲ, ಅದು ಚೆನ್ನಾಗಿದೆಯಾ?"

"ಇಲ್ಲ."

ಹೇಳಿದ ಮೇಲೆ ಟೈಲರಕ್ಕ ನಾಲಿಗೆ ಕಚ್ಚಿಕೊಂಡಳು. ಆದರೆ ಹೆಂಡತಿಯ ಮುಖದಲ್ಲಿ ಸಿಟ್ಟಿರಲಿಲ್ಲ.

"ಯಾಕೆ?"

"ಅದು... ಅಲ್ಲಿ ಅವರು ಇಲ್ಲ ಅನ್ಸುತ್ತೆ."

"ಇರಲಿಲ್ಲ," ಎಂದಳು ಹೆಂಡತಿ.

ನೀರು ಸುರಿಯುತ್ತಲೇ ಇತ್ತು. ಆಕೆ ನಲ್ಲಿ ನಿಲ್ಲಿಸಿದಳು.

"ಇಪ್ಪತ್ತೆರಡು ವರ್ಷ ಆಯ್ತು. ಎಚ್ಚರ ಆದಾಗ ನರ್ಸ್ ಕೇಳಿದ್ಲು, ನಿಮ್ಮ ಕಡೆಯೋರು ಯಾರೂ ಬಂದಿಲ್ವಾ, ರಕ್ತದ ಚೀಟಿ ಹಿಡ್ಕೊಂಡು ಬೆಳಿಗ್ಗೆಯಿಂದ ಹುಡುಕ್ತಿದ್ದೀವಿ ಅಂತ. ಸಂಜೆ ಬಂದ್ರು, ತಲೆಗಿಲೆ ಬಾಚ್ಕೊಂಡು. ಇಲ್ಲೇ ಕೂತಿದ್ದೆ ಅಂದ್ರು. ನಾನು ಹೂಂ ಅಂದೆ. ಮನೆಗೆ ಬಂದ ಮೇಲೆ ಅಂಗಿ ನೆನೆಸೋಕೆ ಹೋದ್ರೆ ಜೇಬಲ್ಲಿ ಬಸ್ ಟಿಕೆಟ್. ಒಂದೆರಡಲ್ಲ."

ಟೈಲರಕ್ಕ ಕೈ ಒರೆಸಿಕೊಂಡು ಚೀಲದಿಂದ ಹಾಳೆಗಳನ್ನು ತೆಗೆದಳು. "ಇದನ್ನ ನನಗೆ ಓದೋಕೆ ಕೊಟ್ಟಿದ್ರು. ನಿಮ್ಮದು."

ಹೆಂಡತಿ ಕಿಟಕಿಯ ಬೆಳಕಿಗೆ ತಿರುಗಿ ನಿಂತಳು. ಕನ್ನಡಕ ಎಲ್ಲಿತ್ತೋ, ಹಾಳೆಯನ್ನು ಕೈಯುದ್ದ ದೂರ ಹಿಡಿದು, ತುಟಿ ಅಲ್ಲಾಡಿಸುತ್ತಾ ಓದಿದಳು. ಆಕೆಗೆ ಓದಿನ ಅಭ್ಯಾಸ ಕಡಿಮೆ. ಟೈಲರಕ್ಕ ಲೋಟಗಳನ್ನೆಲ್ಲ ಒರೆಸಿ ಮುಗಿಸಿದಳು. ನಡುಮನೆಯಲ್ಲಿ ಯಾರೋ ಗಂಟೆ ಎಷ್ಟೆಂದು ಕೇಳುತ್ತಿದ್ದರು.

"ನಿಮಗೆ ಹೇಳಿದ್ರಲ್ಲ," ಎಂದಳು ಕೊನೆಗೆ. "ನಾನು ಇಪ್ಪತ್ತೆರಡು ವರ್ಷ ಕಾದೆ, ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ."

"ಕತೆ ಅಂತ ಕೊಟ್ರು. ನಾನೇನೂ ಕೇಳಲಿಲ್ಲ."

"ಟಿಕೆಟ್ ಕಿಟಕಿಯಿಂದ ಎಸೆದ ಅಂತ ಬರೆದಿದ್ದಾರೆ. ಎಸೆದಿಲ್ಲ. ಹದಿನಾಲ್ಕಿತ್ತು." ಆಕೆಯ ಹೆಬ್ಬೆರಳು ಕೊನೆಯ ಹಾಳೆಯ ಕೊನೆಯ ಸಾಲಿನ ಮೇಲೆ ನಿಂತಿತು. "'ಅವಳಿಗೆ ಇದು ಎಂದೂ ತಿಳಿಯಲಿಲ್ಲ.' ಪಕ್ಕದಲ್ಲಿರೋದು ಯಾರ ಅಕ್ಷರ?"

"ನಂದು."

ಆಕೆ ಅದನ್ನೂ ಓದಿದಳು. "'ನಿಜವಾಗಿ? ಅವಳನ್ನೇ ಒಂದು ಸಲ ಕೇಳಿ ನೋಡಿ.'"

ಟೈಲರಕ್ಕ ಒರೆಸಿಟ್ಟ ಲೋಟವನ್ನೇ ಮತ್ತೆ ಎತ್ತಿಕೊಂಡಳು. "ಹೋದ ಭಾನುವಾರ ಸಂಘಕ್ಕೆ ಬಂದಿದ್ರಲ್ಲ, ಆಗ ಕೊಡಬೇಕಿತ್ತು. ಶಾಲೆ ಯೂನಿಫಾರ್ಮಿನ ಹೊಲಿಗೆ ತಲೆ ತುಂಬಾ ಇತ್ತು, ಅಂಗಡೀಲೇ ಮರೆತು ಬಂದೆ. ಅವಸರ ಇಲ್ಲ ಅಂದ್ರು. ಕೊಟ್ಟಿದ್ರೆ..."

"ಕೊಟ್ಟಿದ್ರೆ ಕೇಳ್ತಿದ್ರಾ?"

"ಗೊತ್ತಿಲ್ಲ."

"ಕೇಳ್ತಿರಲಿಲ್ಲ." ಆಕೆಯ ಹೆಬ್ಬೆರಳು ಆ ಸಾಲನ್ನು ಮೆಲ್ಲಗೆ ಸವರಿತು. "ಕೇಳ್ತಿದ್ರೇನೋ."

"ನಿಮಗೆ ಕೋಪ ಬರಲಿಲ್ವಾ?"

"ಬರದೆ ಏನು. ಆದ್ರೆ ಆಮೇಲೆ ಹನ್ನೊಂದು ದಿನ ನನ್ನ ಮಂಚದ ಪಕ್ಕ ನೆಲದಲ್ಲಿ ಮಲಗಿದ್ರು. ಬೆಡ್‌ಪ್ಯಾನ್ ಎತ್ತಿದ್ರು. ನಾಲ್ಕು ವರ್ಷದ ಮಗಳಿಗೆ ಜಡೆ ಹಾಕೋದು ಕಲಿತ್ರು, ಸೊಟ್ಟಸೊಟ್ಟ." ಆಕೆ ಹಾಳೆಗಳನ್ನು ಜೋಡಿಸಿ ಅಂಚು ತಟ್ಟಿದಳು. "ಹೊಟ್ಟೆ ಕೊಯ್ದಿದ್ದಾಗಿತ್ತು. ಅದನ್ನೂ ಹೊಟ್ಟೆಗೆ ಹಾಕ್ಕೊಂಡು ಹೊಲಿಸ್ಕೊಂಡೆ ಅಂತ ಇಟ್ಕೊಳ್ಳಿ."

ಇಬ್ಬರಿಗೂ ನಗು ಬಂತು. ಹೊರಗೆ ಕೇಳಿಸದಂತೆ ನಕ್ಕರು.

"ಇದು ಚೆನ್ನಾಗಿದೆಯಾ?"

"ಇದು ಚೆನ್ನಾಗಿದೆ."

"ಸಾವಿನ ಮನೆ ಅಂತ ಹೇಳ್ತಿಲ್ಲ ತಾನೆ?"

"ಹಾಗೆ ಹೇಳೋಕೆ ಬರೋದಾಗಿದ್ರೆ ಐದು ತಿಂಗಳು ಬೈಸ್ಕೊಳ್ತಿರಲಿಲ್ಲ."

"ಎಲ್ಲರೂ ಬನ್ನಿ," ಎಂದು ಅಣ್ಣನ ದನಿ ಕೇಳಿಸಿತು.

ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಪೆನ್ಸಿಲ್ ಇದ್ರೆ ಕೊಡಿ," ಎಂದಳು.

*

ಅಣ್ಣ ಸಂಚಿಕೆ ಬಿಚ್ಚಿ ಗಂಟಲು ಸರಿಮಾಡಿಕೊಂಡಿದ್ದರು.

"ಭಾವ, ಅದು ಬೇಡ," ಎಂದಳು ಹೆಂಡತಿ.

"ಯಾಕಮ್ಮ? ಅಚ್ಚಾಗಿರೋ ಕತೆ."

"ಅದು ಅವರ ಒಳ್ಳೆ ಕತೆ ಅಲ್ಲ. ಸಂಘದೋರು ಬಂದಿದ್ದಾರೆ, ಅವರು ಏನಾದ್ರೂ ಹೇಳಲಿ."

ಅಣ್ಣನ ಮುಖ ಚಿಕ್ಕದಾಯಿತು. ಸಂಚಿಕೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡರು. ಟೈಪಿಸ್ಟ್ ಎದ್ದು ನಿಂತರು. "ನಮ್ಮಲ್ಲಿ ಮೊದಲು ಒಳ್ಳೆಯದನ್ನ ಹೇಳಬೇಕು ಅಂತ ನಿಯಮ," ಎಂದು ಶುರು ಮಾಡಿದರು. ಅಷ್ಟಕ್ಕೇ ಕೈಯಾಡಿಸಿ ಕೂತುಬಿಟ್ಟರು.

ಆಗ ಬೇಕರಿಯವನು ಎದ್ದ. "ನನಗೆ ಗೊತ್ತಿರೋದು ಒಂದು ನಾಯಿ ವಿಷಯ," ಎಂದ. "ನಮ್ಮ ಬೇಕರಿ ಎದುರು ಮನೇಲಿ ಒಂದು ನಾಯಿ ಇತ್ತು. ನಾಯಿ ಅನ್ನೋಕೂ ಆಗಲ್ಲ, ಬೆಕ್ಕಿಗಿಂತ ಒಂದು ಚೂರು ದೊಡ್ಡದು. ಮೀಟರಣ್ಣ ತಿಂಗಳಿಗೊಂದು ದಿನ ಆ ಗೇಟಿನ ಹೊರಗೆ ಅರ್ಧ ಗಂಟೆ ನಿಲ್ಲೋರು. ನನ್ನ ಹತ್ರ ಬಂದು ಒಂದು ಬನ್ನು ತಗೊಳ್ಳೋರು. ಒಂದು ಚೂರು ಎಸೆಯೋದು, ಒಂದು ಹೆಜ್ಜೆ ಇಡೋದು. ಮೀಟರ್ ಹತ್ರ ಹೋಗೋಷ್ಟರಲ್ಲಿ ಬನ್ನು ಮುಗಿದಿರೋದು. ವಾಪಸ್ಸು ಬರೋಕೆ ಬನ್ನು ಇಲ್ಲ. ಅಲ್ಲಿಂದ ಕೂಗೋರು, ಇನ್ನೊಂದು ಬನ್ನು ಎಸೀರಿ ಅಂತ."

ಮೊದಲು ನಕ್ಕದ್ದು ಮಗಳು. ಆಮೇಲೆ ಗೋಡೆ ಬದಿಯಲ್ಲಿ ನಿಂತಿದ್ದ ಕಚೇರಿಯವರು. ನಗು ನಿಲ್ಲುವ ಹೊತ್ತಿಗೆ ಅಣ್ಣ ತಮ್ಮನ ಮುಖವನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು, "ಚಿಕ್ಕೋನಿದ್ದಾಗಲೂ ಹಾಗೇ. ಶಾಲೆಗೆ ಹೋಗುವಾಗ ನನ್ನ ಅಂಗಿ ಹಿಂದೆ ಹಿಡ್ಕೊಂಡೇ ನಡೀತಿದ್ದ. ನನ್ನ ಅಂಗಿಗಳೆಲ್ಲ ಹಿಂದೆ ಜೋತುಬಿದ್ದಿರೋದು." ಮಗಳು ಎದ್ದು ಬಂದು ಅವರ ತೋಳು ಹಿಡಿದುಕೊಂಡಳು.

ಗಾಡಿ ಹತ್ತು ನಿಮಿಷ ತಡವಾಗಿ ಬಂತು. ಮೆಟ್ಟಿಲ ತಿರುವಿನಲ್ಲಿ ಈ ಸಲ ಯಾರೂ ಯಾರಿಗೂ ಎಡ ಬಲ ಹೇಳಲಿಲ್ಲ. ಎಲ್ಲರೂ ಮೈ ಕಿರಿದು ಮಾಡಿಕೊಂಡು ಇಳಿಸಿದರು. ಅಣ್ಣ, ಮಗಳು ಹಿಂದೆ ಹತ್ತಿದರು. ಹೆಂಡತಿಗೆ ಡ್ರೈವರ್ ಪಕ್ಕದಲ್ಲಿ ಜಾಗ ಮಾಡಿದರು.

ಟೈಲರಕ್ಕ ಕಿಟಕಿಯ ಹತ್ತಿರ ಹೋದಳು. ಹೆಂಡತಿ ಮಡಿಲಲ್ಲಿದ್ದ ಹಾಳೆಗಳ ಮೇಲೆ ಕೈಯಿಟ್ಟು, "ಇದು ನನ್ನ ಹತ್ರ ಇರಲಿ," ಎಂದಳು.

ಗಾಡಿ ಹೊರಟಿತು. ಸಂಘದ ಮೂವರು ಬೀದಿಯಲ್ಲೇ ನಿಂತರು. ಬೀದಿಯ ತುದಿಯಲ್ಲಿ, ದೊಡ್ಡ ರಸ್ತೆಗೆ ಸೇರುವ ಕಡೆ, ವಾಹನಗಳ ಸಾಲು ಬಿಡದೆ ಗಾಡಿ ನಿಲ್ಲಬೇಕಾಯಿತು. ಕುಲುಕಾಟ ನಿಂತದ್ದೇ ತಡ, ಹೆಂಡತಿ ತಲೆ ಬಗ್ಗಿಸಿದಳು. ಪಕ್ಕದ ಕನ್ನಡಿಯಲ್ಲಿ ಆಕೆಯ ಅರ್ಧ ಮುಖ ಕಾಣುತ್ತಿತ್ತು, ಪೆನ್ಸಿಲು ಹಿಡಿದ ಕೈಯೂ ಕಾಣುತ್ತಿತ್ತು. ಕೊನೆಯ ಹಾಳೆಯ ಕೊನೆಯ ಸಾಲು ಹೊಡೆದುಹಾಕಿ, ಅದರ ಮೇಲೆ ಚಿಕ್ಕದಾಗಿ, ದಾರಿ ಬಿಡುವುದರೊಳಗೆ ಮುಗಿಸಬೇಕೆಂಬಂತೆ, ಬರೆಯುತ್ತಿದ್ದಳು.